ಒಂಬತ್ತಕ್ಕೆ ಬಾಗಿಲು ಹಾಕುವ ದಾರಿ

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಎರಡಾಗುತ್ತದೆ. ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೆ. ಎರಡೂ ಬಂಡೀಪುರದ ಕಾಡನ್ನೇ ಹಾದು ಹೋಗಬೇಕು. 2009ರಿಂದ ಈಚೆಗೆ ಎರಡಕ್ಕೂ ಒಂದೇ ಕಟ್ಟಳೆ: ರಾತ್ರಿ ಒಂಬತ್ತಕ್ಕೆ ಗೇಟು ಬಿದ್ದರೆ ಬೆಳಿಗ್ಗೆ ಆರಕ್ಕೇ ಏಳುವುದು. ಆಂಬುಲೆನ್ಸಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಹಾಗಾಗಿ ಚಾಮರಾಜನಗರದ ನಮ್ಮಂಥವರು ಮಲಬಾರಿನ ಕಡಲಿಗೆ ಹೊರಡುವಾಗ ಹೋಟೆಲಿಗಿಂತ ಮೊದಲು ಗೇಟಿನ ಹೊತ್ತನ್ನು ಲೆಕ್ಕ ಹಾಕುತ್ತೇವೆ.

ಈ ಲೆಕ್ಕ ನಮ್ಮ ಅಕ್ಕನ ಮಗಳಿಗೆ ಹೊಸದೆನಿಸಲಿಲ್ಲ. ಫ್ರಾನ್ಸಿನ ಪಶ್ಚಿಮದ ನಾಂತ್ ನಗರದಲ್ಲಿ ಅವಳ ಕೆಲಸ. ರಜೆ ಬಂದರೆ ಅವಳೂ ಗಂಡನೂ ವಾಂದೇ ಸೀಮೆಯ ಹಳ್ಳಿಗಳಲ್ಲಿ ರೈತರ ಮನೆಯೊಂದನ್ನು ವಾರದ ಬಾಡಿಗೆಗೆ ಹಿಡಿಯುತ್ತಾರಂತೆ. ಹಾಗೆ ಮನೆ ಕೊಡುವವರು ಸೇರಿ 1955ರಲ್ಲೇ ದೇಶಮಟ್ಟದ ಒಕ್ಕೂಟ ಕಟ್ಟಿಕೊಂಡಿದ್ದಾರೆ. ವಾಂದೇಯಿಂದ ನ್ವಾರ್ಮೂತಿಯೆ ದ್ವೀಪಕ್ಕೆ ಸಮುದ್ರದ ತಳದ ಮೇಲೇ ಹಾಸಿದ ನಾಲ್ಕು ಕಿಲೋಮೀಟರಿನ ರಸ್ತೆಯಿದೆ, ಹೆಸರು ಗ್ವಾ. ದಿನಕ್ಕೆ ಎರಡು ಸಲ ಉಬ್ಬರ ಬಂದು ಅದು ನೀರಿನಲ್ಲಿ ಮುಳುಗುತ್ತದೆ. ಇಳಿತದ ಹಿಂದುಮುಂದಿನ ಒಂದೂವರೆ ಗಂಟೆಯಲ್ಲಿ ದಾಟಿಕೊಳ್ಳಬೇಕು. ತಡಮಾಡಿ ಸಿಕ್ಕಿಬಿದ್ದವರು ಹತ್ತಿ ಕೂರಲೆಂದು ದಾರಿಯುದ್ದಕ್ಕೂ ಕಂಬಗಳನ್ನು ನೆಟ್ಟಿದ್ದಾರೆ. “ಅಲ್ಲಿ ಸಮುದ್ರ ಗೇಟು ಹಾಕತ್ತೆ, ಇಲ್ಲಿ ಆನೆ ಹಾಕತ್ತೆ, ಅಷ್ಟೇ ಅಲ್ವಾ ಮಾವ?” ಎಂದು ನಕ್ಕಳು.

ಮದುವೆಯಾದ ಹೊಸದರಲ್ಲಿ ಇಬ್ಬರೂ ಊರಿಗೆ ಬಂದಿದ್ದರು. ಹಳ್ಳಿಯೂ ಬೇಕು, ಕಡಲೂ ಬೇಕು ಎಂದು ಅವಳ ಹಟ. ನಮಗೆ ಹತ್ತಿರದ ಫ್ರೆಂಚ್ ಕಡಲೆಂದರೆ ಮಾಹೆ, 1954ರವರೆಗೆ ಫ್ರೆಂಚರ ಕೈಯಲ್ಲಿದ್ದು ಈಗ ಪುದುಚೇರಿಗೆ ಸೇರಿದ ಚೂರು ನೆಲ. ದೂರ ಇನ್ನೂರು ಕಿಲೋಮೀಟರಿನ ಆಸುಪಾಸು. ತೊಡಕಿದ್ದದ್ದು ತಿಂಗಳಲ್ಲಿ. ಗುಂಡ್ಲುಪೇಟೆಯ ಹೂವಿನ ಹೊಲ ನೋಡಬೇಕಾದರೆ ಜುಲೈ, ಆಗಸ್ಟ್. ಆಗ ಮಲಬಾರಿನ ಕಡಲಿಗೆ ಇಳಿಯುವ ಹಾಗಿಲ್ಲ, ಘಾಟಿಯಲ್ಲಿ ಮಳೆ. ಕಡಲು ಶಾಂತವಾಗುವ ಹೊತ್ತಿಗೆ ಹೊಲ ಬೋಳು. ಕೊನೆಗೆ ಗೆದ್ದದ್ದು ಅವಳ ಅತ್ತೆಯ, ಅಂದರೆ ನನ್ನವಳ ಮಾತು: “ಆಷಾಢದಲ್ಲಿ ತೇರು. ಹೊಸ ಜೋಡಿ ತೇರು ನೋಡ್ದೆ ಎಲ್ಗೂ ಹೋಗೋ ಹಾಗಿಲ್ಲ.”

ಬೇರೆ ಕಡೆ ಆಷಾಢವೆಂದರೆ ಹೊಸ ಸೊಸೆ ತವರಿಗೆ ಹೋಗುವ ತಿಂಗಳು. ಚಾಮರಾಜನಗರದಲ್ಲಿ ಅದೇ ತಿಂಗಳು ಚಾಮರಾಜೇಶ್ವರನ ತೇರು, ಅಗಲಿದ್ದ ಜೋಡಿಗಳು ಒಟ್ಟಾಗಿ ಬಂದು ಹಣ್ಣು ಜವನ ಎಸೆಯುವ ದಿನ. ಅರಿಕುಠಾರವೆಂಬ ಈ ಊರಿಗೆ 1818ರಲ್ಲಿ ತಂದೆಯ ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ದೇವಸ್ಥಾನ ಕಟ್ಟಿಸಿದರು. ಅವರ ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪ ಇನ್ನೂ ಇದೆ. ಬಾಳೆಹಣ್ಣು ಎಸೆಯಲು ನಮ್ಮ ಅಳಿಯನಿಗೆ ಮೊದಲು ಸಂಕೋಚ. ಪಕ್ಕದ ಅಜ್ಜಿಯೊಬ್ಬರು “ಎಸಿ ಮಗ, ಕಲ್ಸಕ್ಕೆ ತಡಿಬ್ಯಾಡ” ಎಂದು ಗದರಿದ ಮೇಲೆ ಕೈ ಬೀಸಿದ.

ಮಧ್ಯಾಹ್ನ ಹೊರಟೆವು. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಕೇರಳದ, ತಮಿಳುನಾಡಿನ ಲಾರಿಗಳು ಹಿಂಬದಿ ತೆರೆದು ನಿಂತಿದ್ದವು. ಎಲೆಕೋಸು, ಟೊಮೆಟೊ, ಬೀಟ್ರೂಟ್, ಸಣ್ಣೀರುಳ್ಳಿ. ಹಮಾಲರ ಲೆಕ್ಕ ಕನ್ನಡದಲ್ಲಿ, ವ್ಯಾಪಾರಿಗಳ ಫೋನು ಮಲಯಾಳದಲ್ಲಿ. ನಾವು ರಜೆಗೆಂದು ಹಿಡಿದಿದ್ದ ದಾರಿ ಈ ಮೂಟೆಗಳಿಗೆ ದಿನನಿತ್ಯದ್ದು.

ಗುಂಡ್ಲುಪೇಟೆಯ ಆಚೀಚೆ ಹೂವಿನ ಹೊಲಗಳು ಶುರುವಾದವು. ಸೂರ್ಯಕಾಂತಿ ಎಣ್ಣೆಗೆ. ಚೆಂಡು ಹೂವಿನ ಬಹುಪಾಲು ಬಣ್ಣ ತೆಗೆಯುವ ಕಂಪನಿಗಳಿಗೆ. ಆ ಬಣ್ಣ ಕೋಳಿಯ ಮೇವಿಗೆ ಬೆರೆತು ಮೊಟ್ಟೆಯ ಹಳದಿಯನ್ನು ಗಾಢ ಮಾಡುತ್ತದೆ. ಓಣಂ ಹತ್ತಿರ ಬಂದರೆ ಉಳಿದದ್ದು ಕೇರಳದ ಅಂಗಳಗಳ ಹೂರಂಗೋಲಿ ಪೂಕಳಕ್ಕೆ. ಫೋಟೋ ತೆಗೆಯಲೆಂದು ಕಾರು ನಿಲ್ಲಿಸುವವರಲ್ಲೂ ಕೇರಳದವರೇ ಹೆಚ್ಚು. ಹೊಲದ ಯಜಮಾನ ಬದುವಿಗೆ ಹಗ್ಗ ಕಟ್ಟಿ, ತಲೆಗಿಷ್ಟು ಎಂದು ಕಾಸು ಈಸಿಕೊಳ್ಳುತ್ತಿದ್ದ. “ಮೊದ್ಲು ಸುಮ್ನೆ ಬುಡ್ತಿದ್ದೆ ಕನಣ್ಣ. ಸಾಲ್ಗಟ್ಲೆ ಗಿಡ ತುಳುದಾಕ್ಬುಟ್ರು. ಈಗ ಕಾಸ್ ಕೊಟ್ಟೋರು ಬದಿನ್ ಮೇಲೆ ನೆಟ್ಗೆ ನಡಿತಾರೆ” ಎಂದ. ಅಕ್ಕನ ಮಗಳು ತನ್ನ ವಾಂದೇ ಹಳ್ಳಿಯ ಬಾಡಿಗೆ ಮನೆಯ ಯಜಮಾನಿಯೂ ಹೀಗೇ ಕರಾರುವಾಕ್ಕು ಎಂದಳು. ಬೆಳೆಯ ದರ ಬಿದ್ದ ವರ್ಷವೂ ನೋಡಲು ಬಂದವರಿಂದ ಮನೆಗೆ ನಾಲ್ಕು ಕಾಸು ಬರಲಿ ಎಂಬುದೇ ಎರಡು ಕಡೆಯ ಲೆಕ್ಕ. ಇಲ್ಲಿ ಹೊಲದವನ ಮನೆಯಲ್ಲೇ ತಂಗಿ ಮುದ್ದೆ ಸೊಪ್ಪಿನ ಸಾರು ಉಣ್ಣುವ ಏರ್ಪಾಡು ಇನ್ನೂ ವಿರಳ. ಕಾಡಂಚಿನ ರೆಸಾರ್ಟುಗಳಿಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ಈ ಬದುವಿನ ಮೇಲೂ ಇಳಿಯಬೇಕು.

ಹಂಗಳದಲ್ಲಿ ಬಲಕ್ಕೆ ತಿರುಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋದೆವು. ಮೇಲೆ ಸ್ವಂತ ವಾಹನ ಬಿಡುವುದಿಲ್ಲ. ಸರ್ಕಾರಿ ಬಸ್ಸೇ ಗತಿ, ಅದು ಒಳ್ಳೆಯದೇ. 1,454 ಮೀಟರ್ ಎತ್ತರದ ನೆತ್ತಿಯಲ್ಲಿ ಹೊಯ್ಸಳ ಬಲ್ಲಾಳನ ಕಾಲದ ದೇವಸ್ಥಾನ ಮಂಜಿನಲ್ಲಿ ಒಮ್ಮೆ ಕಾಣಿಸುತ್ತಿತ್ತು, ಒಮ್ಮೆ ಇಲ್ಲ. ಗರ್ಭಗುಡಿಯ ಬಾಗಿಲವಾಡದಿಂದ ತಣ್ಣನೆ ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿಳಿದಾಗ ಸಂಜೆ. ಓಡಿಸಿದ್ದರೆ ಒಂಬತ್ತರೊಳಗೆ ಕಾಡು ದಾಟಬಹುದಿತ್ತು. ಗುಂಡ್ಲುಪೇಟೆಯಲ್ಲೇ ಉಳಿದೆವು.

ಬೆಳಿಗ್ಗೆ ಆರಕ್ಕೆ ಮದ್ದೂರು ಗೇಟಿನಲ್ಲಿ ತರಕಾರಿ ಲಾರಿಗಳ ಹಿಂದೆ ಸಾಲು ನಿಂತೆವು. ಗೇಟು ಎದ್ದ ಮೇಲೂ ಯಾರೂ ನುಗ್ಗಲಿಲ್ಲ. ಉಬ್ಬುಗಳು ನುಗ್ಗಲು ಬಿಡುವುದಿಲ್ಲ. ರಾತ್ರಿಯಿಡೀ ತಮ್ಮದಾಗಿದ್ದ ರಸ್ತೆಯನ್ನು ಪ್ರಾಣಿಗಳು ಇನ್ನೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಡಾಂಬರಿನ ಅಂಚಿನಲ್ಲೇ ಜಿಂಕೆ, ಮೂಲೆಹೊಳೆಯ ಹತ್ತಿರ ಮರಿಯ ಜೊತೆ ಹೆಣ್ಣಾನೆ. ಮೈಸೂರು ಅರಸರು 1931ರಲ್ಲಿ ಬರೀ 90 ಚದರ ಕಿಲೋಮೀಟರಿಗೆ ಗಡಿ ಹಾಕಿ ಕಾಪಾಡತೊಡಗಿದ ಕಾಡಿದು; 1973ರಲ್ಲಿ ಹುಲಿ ಯೋಜನೆಯ ಮೊದಲ ಪಟ್ಟಿಗೇ ಸೇರಿತು.

ಮುತ್ತಂಗ ದಾಟಿ ಬತ್ತೇರಿ. ಟಿಪ್ಪು ಮದ್ದುಗುಂಡು ಇಡಲು ಬಳಸಿದ ಕಲ್ಲಿನ ಜೈನ ಬಸದಿ ಪೇಟೆಯ ನಡುವೆಯೇ ಇದೆ. ಕಲ್ಲಿಕೋಟೆಗೆ ಇಳಿಯುವ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಲ್ಲಿ ವಾಹನ ದಟ್ಟಣೆ ಹೆಚ್ಚು. ನಾವು ಪನಮರಂ, ವೆಳ್ಳಮುಂಡದ ಮೇಲೆ ಕುಟ್ಟ್ಯಾಡಿ ಘಾಟಿ ಹಿಡಿದೆವು. ಕಿರಿದಾದ ದಾರಿ, ಎರಡೂ ಕಡೆ ನೀರಿನ ಸದ್ದು. ಕೆಳಗೆ ತೆಂಗು ಕಾಣಿಸಿದ ಮೇಲೆ ಸೆಕೆ ಶುರು.

ಮಾಹೆ ಒಟ್ಟು ಒಂಬತ್ತು ಚದರ ಕಿಲೋಮೀಟರ್. ಗಡಿ ಬಂತೆಂದು ತಿಳಿಯುವುದು ಹೆಂಡದಂಗಡಿಗಳ ಸಾಲಿನಿಂದ, ಪೆಟ್ರೋಲ್ ಬಂಕಿನ ಮುಂದಿನ ಕೇರಳದ ವಾಹನಗಳಿಂದ. ಹೊಳೆಯ ದಡದ ಟಾಗೋರ್ ಪಾರ್ಕಿನಲ್ಲಿ ಫ್ರೆಂಚ್ ಕ್ರಾಂತಿಗೆ ನೂರು ತುಂಬಿದ 1889ರಲ್ಲಿ ನಿಲ್ಲಿಸಿದ, ಫ್ರೆಂಚ್ ಗಣರಾಜ್ಯದ ಸಂಕೇತವಾದ ಮರಿಯಾನ್ ಪ್ರತಿಮೆಯಿದೆ. ನಾಂತ್‌ನಿಂದ ಬಂದವಳಿಗೆ ಅದು ಅಂಚೆಚೀಟಿಯ ಮೇಲೆ ದಿನಾ ಕಾಣುವ ಮುಖ. ನನಗೆ ಈ ಊರು ಬೇರೊಂದು ಕಾರಣಕ್ಕೆ ಬೇಕಿತ್ತು. ಹೈದರಾಲಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದ ರೇವು ಇದು. 1779ರಲ್ಲಿ ಇಂಗ್ಲಿಷರು ಇದನ್ನು ಕಸಿದುಕೊಂಡದ್ದೇ ಮರುವರ್ಷದ ಎರಡನೇ ಮೈಸೂರು ಯುದ್ಧಕ್ಕೆ ಒಂದು ಕಾರಣವಾಯಿತು. ಘಟ್ಟದ ಮೇಲಿನ ಅರಸನಿಗೂ ಈ ಚೂರು ದಡವಿಲ್ಲದೆ ನಡೆಯುತ್ತಿರಲಿಲ್ಲ. ಅಳಿವೆಯಲ್ಲಿ ಕೆಂಪು ನೀರು ಕಡಲಿಗೆ ನುಗ್ಗುತ್ತಿತ್ತು. ನೀರಿಗಿಳಿಯುವ ಮಾತೇ ಇಲ್ಲ; ಹೊಳೆದಂಡೆಯ ನಡಿಗೆದಾರಿಯಲ್ಲಿ ಕೊಡೆ ಹಿಡಿದು ಅಡ್ಡಾಡಿ, ಮೀನಿನ ಊಟ ಮಾಡಿದೆವು.

ಮರಳುವಾಗ ಘಾಟಿಯಲ್ಲಿ ಮಂಜು ಕವಿದು ಬತ್ತೇರಿ ಸೇರುವಷ್ಟರಲ್ಲಿ ಗೇಟಿನ ಹೊತ್ತು ಮೀರಿತ್ತು. ಇದೇ ಊರಿನಲ್ಲಿ 2019ರಲ್ಲಿ ರಾತ್ರಿ ಸಂಚಾರ ಬಿಡಿ ಎಂದು ಜನ ಉಪವಾಸ ಕೂತಿದ್ದರು. ಅವರ ಕಷ್ಟ ಸುಳ್ಳಲ್ಲ: ವ್ಯಾಪಾರ, ಬೆಂಗಳೂರಿನಲ್ಲಿ ಓದುವ ಮಕ್ಕಳು. ಆದರೆ ತುರ್ತಿದ್ದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತುದಾರಿಯಿದೆ. ಕಾಡಿಗೆ ಅಂಥ ಬದಲಿ ಇಲ್ಲ. ಮಾರನೆಯ ಬೆಳಿಗ್ಗೆ ಖಾಲಿ ಕ್ರೇಟುಗಳ ಲಾರಿಯ ಪಕ್ಕ ನಿಂತಿದ್ದ ಗುಂಡ್ಲುಪೇಟೆಯ ಡ್ರೈವರನ್ನು ಅಳಿಯ ಕೇಳಿದ, ಬೇಸರವಾಗಲ್ವಾ ಎಂದು. “ಮೊದ್ಲೆಲ್ಲಾ ರಾತ್ರಿಯೆಲ್ಲಾ ಓಡ್ಸೀವು ಕನ ಸಾರ್. ಈಗ ಒಂಬತ್ತಾಯ್ತು ಅಂದ್ರೆ ಮಾಲೀಕ್ನೂ ಕೇಳಂಗಿಲ್ಲ, ನಿದ್ದೆ ಮಾಡ್ತೀವಿ.”

ಹೊರಡುವವರಿಗೆ ನನ್ನ ಸಲಹೆ ಇಷ್ಟೇ. ಹೂವು ಮುಖ್ಯವಾದರೆ ಜುಲೈ, ಆಗಸ್ಟಿನಲ್ಲಿ ಬನ್ನಿ, ಕಡಲನ್ನು ದಡದಿಂದಲೇ ನೋಡಿ. ಕಡಲು ಮುಖ್ಯವಾದರೆ ಅಕ್ಟೋಬರಿಗೆ ತಳ್ಳಿ. ಮಾಹೆಯ ಸಂತ ತೆರೇಸಾ ಇಗರ್ಜಿಯ ಹಬ್ಬವೂ ಆಗಲೇ. ಯಾವ ತಿಂಗಳಾದರೂ ಮೈಸೂರಿನಿಂದ ಒಂದೇ ಓಟಕ್ಕೆ ಗೇಟು ದಾಟುವ ಹುಮ್ಮಸ್ಸು ಬೇಡ. ಒಂದು ರಾತ್ರಿ ಗುಂಡ್ಲುಪೇಟೆಯ ಲೆಕ್ಕಕ್ಕೆ ಬರೆಯಿರಿ, ಆ ಸಂಜೆ ಹೊಲದ ಬದುವಿನ ಮೇಲೆ ಕಳೆಯಿರಿ, ಹೂವಿನವನ ಕಾಸನ್ನು ಚೌಕಾಸಿ ಮಾಡದೆ ಕೊಡಿ.