415 ಆಂಪಿಯರ್ ಮತ್ತು ಝುಣಕದ ವಡಿ

ಮೊನ್ನೆ ಭಾನುವಾರ ಹೆಂಡತಿಯ ಕಾಟಕ್ಕೆ ಲಾಫ್ಟ್ ಸ್ವಚ್ಛ ಮಾಡಲು ಹತ್ತಿದ್ದೆ. ಹಳೇ ವೈರುಗಳ ಚೀಲದಲ್ಲಿ ಒಂದು ಜಿಎಸ್‌ಎಂ ಮೊಡೆಮ್ ಸಿಕ್ಕಿತು. ಸಾಬೂನಿನ ಡಬ್ಬಿಯಷ್ಟು ದೊಡ್ಡದು, ಒಂದು ಕಡೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು. "ಭಂಗಾರ್‌ವಾಲಾಗೆ ಕೊಡಲಾ?" ಅಂದಳು. ಬೇಡ ಅಂದೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2007ರ ಮಳೆಗಾಲ. ನಾನು ಧಾರವಾಡ ಬಿಟ್ಟು ಪುಣೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಊರ ಹೊರಗಿನ ಒಂದು ಕಾರ್ಖಾನೆಗೆ ನದಿ ಪಕ್ಕದಲ್ಲಿ ಪಂಪ್‌ಹೌಸ್ ಇತ್ತು. ಅಲ್ಲಿನ ಮೀಟರುಗಳ ರೀಡಿಂಗ್ ಕಾರ್ಖಾನೆಯ ಕಂಪ್ಯೂಟರಿಗೆ ಬರಬೇಕು. ನಡುವೆ ಕೇಬಲ್ ಇಲ್ಲ. ಹಾಗಾಗಿ ಕಂಟ್ರೋಲ್ ರೂಮಿನಲ್ಲಿ ಒಂದು ಗೇಟ್‌ವೇ, ಅದಕ್ಕೊಂದು ಮೊಡೆಮ್. ಪಂಪ್‌ಹೌಸಿನಲ್ಲಿ ಇನ್ನೊಂದು ಮೊಡೆಮ್, ಅದರಿಂದ ಆರ್‌ಎಸ್-485 ವೈರಿನಲ್ಲಿ ಮೀಟರುಗಳು. ಗೇಟ್‌ವೇ ಅಂದರೆ ದುಭಾಷಿ ಇದ್ದ ಹಾಗೆ. ಕಂಪ್ಯೂಟರಿನ ಈಥರ್‌ನೆಟ್ ಮಾತನ್ನು ಮೀಟರಿನ ಸೀರಿಯಲ್ ಮಾತಿಗೆ ತಿರುಗಿಸುತ್ತದೆ. ತರಕಾರಿಯವನ ಹತ್ತಿರ ಮರಾಠಿ, ಮನೆಯಲ್ಲಿ ಕನ್ನಡ ಆಡುವ ನಮ್ಮ ಹಾಗೇ ಅನ್ನಿ.

ಸೀರಿಯಲ್‌ನಲ್ಲಿ ಎಲ್ಲ ಕರಾರೂ ಮೊದಲೇ ಆಗಿರಬೇಕು. 9600 ಬಾಡ್, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಒಂದು ತಪ್ಪಿದರೂ ಬರುವುದು ಕಸ, ಇಲ್ಲವೇ ಮೌನ. ಪಂಪ್‌ಹೌಸಿನ ಮೊಡೆಮ್‌ಗೆ ಎಟಿಎಸ್0=1 ಕೊಟ್ಟೆ: ಒಂದು ರಿಂಗಿಗೆ ನೀನೇ ಫೋನ್ ಎತ್ತು. ಎಟಿಇ0: ಹೇಳಿದ್ದನ್ನೇ ತಿರುಗಿ ಹೇಳಬೇಡ. ಕೊನೆಗೆ ಎಟಿ&ಡಬ್ಲ್ಯೂ: ಇದನ್ನೆಲ್ಲ ನೆನಪಿಟ್ಟುಕೋ. ಈ ಕೊನೆಯದ್ದು ಬಿಟ್ಟರೆ ಕರೆಂಟ್ ಹೋಗಿ ಬಂದ ಮೇಲೆ ಮೊಡೆಮ್‌ಗೆ ನಾವು ಯಾರು ಅಂತಲೇ ಗೊತ್ತಿರುವುದಿಲ್ಲ!

ಎಲ್ಲ ಸರಿ ಮಾಡಿ ಬಂದೆ. ಮರುದಿನ ಮ್ಯಾನೇಜರ್ ಫೋನು. 30 ಎಚ್‌ಪಿ ಮೋಟರು, ತೆಗೆದುಕೊಳ್ಳಬೇಕಾದದ್ದು ಸುಮಾರು 40 ಆಂಪಿಯರ್, ಪರದೆಯ ಮೇಲೆ ಆಗಾಗ 415 ತೋರಿಸುತ್ತಿದೆ! ಮೀಟರು ಕೆಟ್ಟಿದೆ ಅಂದೆ. ಬದಲಾಯಿಸಿದೆವು. ವೈರು ಬದಲಾಯಿಸಿದೆವು. ತುದಿಗೆ 120 ಓಮ್ ರೆಸಿಸ್ಟರ್ ಹಾಕಿದ್ದೂ ಆಯಿತು. 415 ಹೋಗಲಿಲ್ಲ.

ಅದೇ ವರ್ಷ ಯುಗಾದಿ ಕಳೆದ ಮೇಲೆ ಅವ್ವನಿಗೆ ಲಕ್ವ ಹೊಡೆದಿತ್ತು. ಕೈ ಸುಧಾರಿಸಿತ್ತು, ಮಾತು ನಿಧಾನವಾಗಿತ್ತು. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದೆ. "ಊಟಕ್ಕ ಏನ ಮಾಡಿದ್ದಿ ಅವ್ವಾ?" ಸದ್ದಿಲ್ಲ. "ಗುಳಗಿ ತೊಗೊಂಡಿ?" ಸದ್ದಿಲ್ಲ. "ಡಾಕ್ಟರ ಏನಂದ್ರು?" ಆಗ ಆ ಕಡೆಯಿಂದ, "ಝುಣಕದ ವಡಿ."

ನಾನೂ ಹುಬ್ಬಳ್ಳಿಯಲ್ಲಿದ್ದ ತಮ್ಮನೂ ಮಾತಾಡಿಕೊಂಡೆವು. ಅವ್ವನಿಗೆ ಅರುವು-ಮರುವು ಶುರುವಾಗಿದೆ, ಇನ್ನು ಒಬ್ಬಳೇ ಇರುವುದು ಬೇಡ, ದಸರೆಯೊಳಗೆ ಧಾರವಾಡದ ಮನೆಗೆ ಬೀಗ ಹಾಕುವುದು ಅಂತ. ಆಕೆಯನ್ನೊಂದು ಮಾತು ಕೇಳಿರಲಿಲ್ಲ.

ನಾಲ್ಕನೇ ದಿನ ಕಂಟ್ರೋಲ್ ರೂಮಿನಲ್ಲಿ ಕೂತು ಗೇಟ್‌ವೇಯ ಲಾಗ್ ಒಂದೊಂದೇ ಸಾಲು ಓದಿದೆ. ಗೇಟ್‌ವೇ ವೋಲ್ಟೇಜ್ ಕೇಳುತ್ತದೆ. ಟೈಮ್‌ಔಟ್ ಒಂದು ಸೆಕೆಂಡು. ಮೊಡೆಮ್ ದಾರಿಯಲ್ಲಿ ಉತ್ತರ ಕೆಲವೊಮ್ಮೆ ಅದಕ್ಕಿಂತ ತಡ. ಒಂದು ಸೆಕೆಂಡ್ ಆದ ಕೂಡಲೇ ಇದು ಕೈಬಿಟ್ಟು ಆಂಪಿಯರ್ ಕೇಳುತ್ತದೆ. ಆಗ ಬಂದು ಮುಟ್ಟುತ್ತದೆ ಮೊದಲಿನ ಉತ್ತರ, 415 ವೋಲ್ಟ್! ಮೀಟರು ಆಡುವ ಮಾಡ್‌ಬಸ್ ಆರ್‌ಟಿಯು ಭಾಷೆ 1979ರದ್ದು. ಇದು ಯಾವ ಪ್ರಶ್ನೆಯ ಉತ್ತರ ಅಂತ ನಂಬರ್ ಹಾಕುವ ಪದ್ಧತಿ ಅದರಲ್ಲಿಲ್ಲ. ಹಾಗಾಗಿ ವೋಲ್ಟು ಹೋಗಿ ಆಂಪಿಯರಿನ ಕಾಲಂನಲ್ಲಿ ಕೂತಿತು. ಮೀಟರು ಒಂದು ಸಲವೂ ತಪ್ಪು ಹೇಳಿರಲಿಲ್ಲ. ಟೈಮ್‌ಔಟ್ ಐದು ಸೆಕೆಂಡ್ ಮಾಡಿದೆ. 415 ಮತ್ತೆ ಕಾಣಲಿಲ್ಲ.

ಖುಷಿ ಆಗಬೇಕಿತ್ತು. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು.

ಆ ರಾತ್ರಿ ಫೋನ್ ಮಾಡಿದೆ. "ಊಟಕ್ಕ ಏನ ಮಾಡಿದ್ದಿ ಅವ್ವಾ?" ಕೇಳಿ ಸುಮ್ಮನೆ ಕೂತೆ. ಮನಸ್ಸಿನಲ್ಲೇ ಎಣಿಸಿದೆ. ಆರಕ್ಕೆ ಉತ್ತರ ಬಂತು. "ರೊಟ್ಟಿ, ಬದನೀಕಾಯಿ ಪಲ್ಯ." ಗುಳಗಿ ಕೇಳಿದೆ. ಏಳಕ್ಕೆ, "ತೊಗೊಂಡೇನಿ." ಎಲ್ಲ ಸರಿಯಾಗಿತ್ತು. ಕೊನೆಗೆ ಆಕೆಯೇ ಕೇಳಿದಳು, "ಯಾಕಪಾ, ಇವತ್ತ ನಿನಗ ಅವಸರ ಇಲ್ಲೇನು?"

ತಮ್ಮನಿಗೆ ಹೇಳಿದೆ. ಡಾಕ್ಟರಿಗೆ ತೋರಿಸಿದ. ನೆನಪು ಚೆನ್ನಾಗಿದೆ, ಮಾತು ಹೊರಡಲು ಹೊತ್ತು ಬೇಕು, ಅಷ್ಟೇ ಅಂದರು. ಅವ್ವ ಮತ್ತೆ ಆರು ವರ್ಷ, ಕೊನೆಯವರೆಗೂ, ತನ್ನ ಮನೆಯಲ್ಲೇ ಇದ್ದಳು.

ಮೊಡೆಮ್ ವಾಪಸ್ ಚೀಲ ಸೇರಿತು. ಊರಿನಿಂದ ಏನೋ ಅಸಂಬದ್ಧ ಉತ್ತರ ಬಂತು ಅನ್ನಿಸಿದರೆ, ನೀವೂ ಒಮ್ಮೆ ನಿಮ್ಮ ಟೈಮ್‌ಔಟ್ ಎಷ್ಟಿದೆ ನೋಡಿಕೊಳ್ಳಿ.