ಕೊಟ್ಟ ಹಣಕ್ಕೊಂದು ಸಂಕಲ್ಪವುಂಟು

ನಮ್ಮ ಊರುಗಳಲ್ಲಿ ಸಂಘ ಕಟ್ಟುವವರಿಗೆ ಕೊರತೆಯಿಲ್ಲ. ಕಟ್ಟಿದ ಸಂಘವನ್ನು ಹತ್ತು ವರ್ಷ ಕ್ರಮವಾಗಿ ನಡೆಸುವವರಿಗೆ ಕೊರತೆಯುಂಟು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಸ್ಥಳ ಸಾಲದು. ವಾರ್ಷಿಕ ಸಾಮಾನ್ಯ ಸಭೆಯ ದಿನ ಕುರ್ಚಿಗಳು ಬರಿದಾಗಿರುತ್ತವೆ. ಆಡಳಿತ ಮಂಡಳಿಯ ಸದಸ್ಯತ್ವವೆಂದರೆ ಆಮಂತ್ರಣ ಪತ್ರಿಕೆಯಲ್ಲಿ ಹೆಸರು, ಕೊರಳಿಗೊಂದು ಹಾರ ಎಂದು ಭಾವಿಸುವವರೇ ಬಹುಮಂದಿ. ಈ ಸೇವೆಯ ನಿಜಸ್ವರೂಪವೇನೆಂಬುದನ್ನು ನಮ್ಮ ಅನುಭವದ ಮಿತಿಯಲ್ಲಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಧಾರವಾಡದ ನಮ್ಮ ಭಾಗದಲ್ಲಿ ನಾಲ್ಕು ಬಡಾವಣೆಗಳ ನಿವಾಸಿಗಳ ಸಂಘಗಳು, ಒಂದು ಮಹಿಳಾ ಮಂಡಳ, ಹಿರಿಯ ನಾಗರಿಕರ ವೇದಿಕೆ ಹಾಗೂ ಒಂದು ಚಿಕ್ಕ ವಾಚನಾಲಯ ಇವೆಲ್ಲ ಕೂಡಿ ಒಂದು ಒಕ್ಕೂಟವನ್ನು ರಚಿಸಿಕೊಂಡಿವೆ. ಒಬ್ಬೊಬ್ಬರೇ ಬರೆದ ಅರ್ಜಿಗೆ ಕಚೇರಿಗಳಿಂದ ಉತ್ತರ ಬಾರದಿದ್ದಾಗ, ಕೂಡಿ ಬರೆದರೆ ಬಂದೀತೆಂಬ ಲೋಕಾನುಭವವೇ ಇದರ ಮೂಲ. ನಾವು ಅಧ್ಯಾಪನದಿಂದ ನಿವೃತ್ತರಾದ ಬಳಿಕ ಇದರ ಆಡಳಿತ ಮಂಡಳಿಯ ಹನ್ನೊಂದು ಸದಸ್ಯರಲ್ಲಿ ಒಬ್ಬರಾದೆವು. ಇಲ್ಲಿ ಸಂಬಳವಿಲ್ಲ, ಭತ್ಯೆಯಿಲ್ಲ. ಸಭೆಯ ಚಹವೂ ಸರದಿಯಂತೆ ಸದಸ್ಯರ ಮನೆಗಳಿಂದಲೇ ಬರುತ್ತದೆ.

ಇಂತಹ ಸಂಸ್ಥೆಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಣಿಗೊಳ್ಳುತ್ತವೆ. ಏಳು ಜನ ವಯಸ್ಕರು ಒಂದು ಸದುದ್ದೇಶಕ್ಕಾಗಿ ಕೂಡಿದರೆ ಸಾಕು, ಸಂಘವನ್ನು ನೋಂದಾಯಿಸಬಹುದು. ಆದರೆ ಅನಂತರ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಕರೆಯಬೇಕು, ಲೆಕ್ಕಪರಿಶೋಧನೆ ಮಾಡಿಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಸಂಘ ಹುಟ್ಟುವುದು ಸುಲಭ, ಸಾಕುವುದು ಕಷ್ಟ.

ನಮ್ಮ ಒಕ್ಕೂಟವು ಸಂಜೆಯ ಪಾಠದ ಮನೆಯೊಂದನ್ನು ನಡೆಸುತ್ತದೆ. ಪೌರಕಾರ್ಮಿಕರ ಹಾಗೂ ಗೌಂಡಿ ಕೆಲಸದವರ ಮಕ್ಕಳು ಅಲ್ಲಿ ಬಂದು ಓದುತ್ತಾರೆ. ಪದವೀಧರರಾದ ಇಬ್ಬರು ಹೆಣ್ಣುಮಕ್ಕಳು ಅಲ್ಪ ಗೌರವಧನ ಪಡೆದು ಗಣಿತ, ಇಂಗ್ಲಿಷ್ ಹೇಳಿಕೊಡುತ್ತಾರೆ. ಇದಕ್ಕೆಂದೇ ಮನೆಮನೆಗೆ ಹೋಗಿ, ರಸೀದಿಯ ಮೇಲೆ ‘ಪಾಠದ ಮನೆಗಾಗಿ’ ಎಂದು ಬರೆದು, 1,80,000 ರೂಪಾಯಿ ಕೂಡಿಸಿದ್ದೆವು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಘೋಷಿಸಿದ ವರ್ಷವದು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ಬಡಾವಣೆಗಳ ಎರಡು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ನೀರು ತರಿಸದೆ ಗತ್ಯಂತರವಿರಲಿಲ್ಲ. ಒಕ್ಕೂಟದ ಸಾಮಾನ್ಯ ಖಾತೆಯಲ್ಲಿ ಹಣವಿರಲಿಲ್ಲ. ಪಾಠದ ಮನೆಯ ನಿಧಿಯನ್ನೇ ನೀರಿಗೆ ಬಳಸಬೇಕೆಂದು ಕಾರ್ಯದರ್ಶಿಗಳು ಠರಾವು ಮಂಡಿಸಿದರು. ಅವರು ನಮಗೆ ಮೂವತ್ತು ವರ್ಷದ ಸ್ನೇಹಿತರು. ಒಂದು ಪೈ ಮುಟ್ಟಿದವರಲ್ಲ. ನಾವು ಒಪ್ಪದಿದ್ದಾಗ ಅವರು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ: “ಹುಡುಗ್ರು ನೀರ್ ಕುಡೀದ ಓದ್ತಾರೇನ್ರಿ ಶಾಸ್ತ್ರಿಗಳ?”

ಪ್ರಶ್ನೆ ನ್ಯಾಯವಾದದ್ದೇ. ಕಳ್ಳನ ಎದುರು ನಿಲ್ಲುವುದು ಸುಲಭ. ಸತ್ಪುರುಷನೊಬ್ಬ ಸತ್ಕಾರ್ಯಕ್ಕಾಗಿ ಕೈಚಾಚಿದಾಗ ‘ಬೇಡ’ ಎನ್ನುವುದು ಕಠಿಣ. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಉಗ್ರಾಣದ ಹಿರಿಯರು ಭಕ್ತರು ತಂದ ಪ್ರತಿಯೊಂದು ಪದಾರ್ಥವನ್ನೂ ಯಾವ ಸೇವೆಗೆಂದು ಕೇಳಿ ಪುಸ್ತಕದಲ್ಲಿ ಬರೆಯುತ್ತಿದ್ದರು. ದೀಪಕ್ಕೆ ಬಂದ ಎಣ್ಣೆ ಒಗ್ಗರಣೆಗೆ ಹೋಗಬಾರದೆಂಬುದು ಅವರ ಕಟ್ಟುನಿಟ್ಟು. ಅಡುಗೆಯೂ ದಾಸೋಹವೇ, ದೀಪವೂ ಸೇವೆಯೇ. ಆದರೂ ಕೊಟ್ಟವರ ಸಂಕಲ್ಪವನ್ನು ಬದಲಿಸುವ ಅಧಿಕಾರ ಇಟ್ಟುಕೊಂಡವರಿಗಿಲ್ಲ.

ಅದನ್ನೇ ನಾವು ಸಭೆಯಲ್ಲಿ ಅರಿಕೆ ಮಾಡಿಕೊಂಡೆವು. ದಾನಿಗಳನ್ನು ಕೇಳದೆ ನಿಧಿ ಮುಟ್ಟುವುದಾದರೆ ನಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕೆಂದೆವು. ಬಹಳ ಹೊತ್ತಿನ ಚರ್ಚೆಯ ಬಳಿಕ ಎರಡು ತೀರ್ಮಾನಗಳಾದವು: ನೀರಿಗಾಗಿ ಮನೆಗೆ 200 ರೂಪಾಯಿಯಂತೆ ಬೇರೆ ವಂತಿಗೆ ಎತ್ತುವುದು, ಪಾಠದ ಮನೆಯ ದಾನಿಗಳನ್ನು ಕಂಡು ಅವರ ಅಭಿಪ್ರಾಯ ಕೇಳುವುದು. ವಂತಿಗೆ ಕೂಡುವವರೆಗೆ ಎರಡು ದಿನ ಟ್ಯಾಂಕರ್ ಬರಲಿಲ್ಲ. ಆ ಎರಡು ದಿನ ಕೆಳಗಿನ ಓಣಿಯ ತಾಯಂದಿರು ದೂರದಿಂದ ಕೊಡ ಹೊತ್ತು ತಂದರು. ತತ್ತ್ವದ ಮಾತನಾಡುವವರು ಅದರ ಬೆಲೆಯನ್ನು ಯಾರು ತೆತ್ತರೆಂಬುದನ್ನೂ ಹೇಳಬೇಕು.

ದಾನಿಗಳಲ್ಲಿ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಕಾಯಿಪಲ್ಲೆ ಮಾರಿ ಬದುಕುವ ತಾಯಿಯೊಬ್ಬರು 500 ರೂಪಾಯಿ ಕೊಟ್ಟಿದ್ದರು. ಅವರೆಂದರು: “ನೀರಿಗಿ ಬೇಕಾದ್ರ ಮತ್ತ ಕೊಡ್ತೀನ್ರಿ. ಅದು ಹುಡುಗ್ರ ರೊಕ್ಕ, ಮುಟ್ಟಬ್ಯಾಡ್ರಿ.” ನಿಧಿ ಹಾಗೆಯೇ ಉಳಿಯಿತು, ಪಾಠ ನಿಲ್ಲಲಿಲ್ಲ. ಆದರೆ ಕಾರ್ಯದರ್ಶಿಗಳು ರಾಜೀನಾಮೆ ಕೊಟ್ಟರು. ತಮ್ಮ ಪ್ರಾಮಾಣಿಕತೆಯನ್ನೇ ನಾವು ಶಂಕಿಸಿದೆವೆಂದು ಅವರು ತಿಳಿದರು. ಹಾಗಲ್ಲವೆಂದು ಅವರ ಮನೆಗೆ ಹೋಗಿ ಹೇಳಿದರೂ ನೋವು ಇಳಿಯಲಿಲ್ಲ. ಈಗ ಬೆಳಗಿನ ವಾಯುವಿಹಾರದಲ್ಲಿ ಎದುರಾದರೆ ಕೈಮುಗಿಯುತ್ತಾರೆ, ಮಾತು ಮುಂದುವರಿಯುವುದಿಲ್ಲ. ಇಂತಹ ಮಂಡಳಿಗಳಲ್ಲಿ ಕೂಡುವವರು ಸಮಯವನ್ನಷ್ಟೇ ಅಲ್ಲದೆ ಇಂತಹದನ್ನೂ ಕೊಡಬೇಕಾಗಬಹುದು.

ಆದ್ದರಿಂದ ಒಬ್ಬರ ಸ್ವಭಾವದ ಮೇಲೆ ಭಾರ ಹಾಕದೆ ಪದ್ಧತಿಯ ಮೇಲೆ ಹಾಕುವುದು ಲೇಸು. ಪ್ರತಿ ತಿಂಗಳ ಸಭೆಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಮೇಜಿನ ಮೇಲಿರಬೇಕು. ಚೆಕ್ಕಿಗೆ ಎರಡು ಸಹಿ ಇರಬೇಕು, ಅವೆರಡೂ ಒಂದೇ ಮನೆಯವರದಾಗಿರಬಾರದು. ಸದಸ್ಯರ ಬಂಧುಗಳಿಗೆ ಕೆಲಸ ಕೊಡುವ ಮಾತು ಬಂದರೆ ಆ ಸದಸ್ಯರು ಅಷ್ಟು ಹೊತ್ತು ಎದ್ದು ಹೊರಗೆ ಹೋಗಬೇಕು. ದೊಡ್ಡ ದಾನಗಳು ಬ್ಯಾಂಕಿನ ಮೂಲಕವೇ ಬರಲಿ; 2,000 ರೂಪಾಯಿ ಮೀರಿದ ನಗದು ದಾನಕ್ಕೆ 2017ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ರಿಯಾಯಿತಿಯೂ ಇಲ್ಲ. ನಿರ್ದಿಷ್ಟ ಉದ್ದೇಶದ ನಿಧಿಗೆ ಲೆಕ್ಕಪುಸ್ತಕದಲ್ಲಿ ಪ್ರತ್ಯೇಕ ಪುಟವಿರಲಿ. ಕಷ್ಟಕಾಲಕ್ಕೆಂದು ಒಂದು ಆಪತ್ಕಾಲದ ನಿಧಿಯನ್ನು ಮೊದಲೇ ಕೂಡಿಡಲಿ. ನಮ್ಮ ಒಕ್ಕೂಟವು ಆ ಬೇಸಿಗೆಯ ನಂತರ ಅದನ್ನು ಆರಂಭಿಸಿದೆ. ಎಲ್ಲರಿಗೂ ಒಂದೇ ನಿಯಮವಿದ್ದಲ್ಲಿ ಲೆಕ್ಕ ಕೇಳುವುದು ಅಪಮಾನವೆನಿಸುವುದಿಲ್ಲ.

ಓದುಗ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮನೆಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದ ತಂದೆ ಇರಬಹುದು, ವಾಣಿಜ್ಯಶಾಸ್ತ್ರ ಓದಿದ ಸೊಸೆ ಇರಬಹುದು, ಅಕ್ಷರ ಚೆನ್ನಾಗಿರುವ ಮಗ ಇರಬಹುದು. ನಿಮ್ಮ ಓಣಿಯ ಸಂಘಕ್ಕೆ ತಿಂಗಳಿಗೊಂದು ಸಂಜೆ ಅವರನ್ನು ಕಳುಹಿಸಿರಿ. ಹೋದವರು ವೇದಿಕೆಯ ಮೇಲೆ ಕೂಡದಿದ್ದರೂ ಚಿಂತೆಯಿಲ್ಲ. ಜಮಾ-ಖರ್ಚು ಓದುವಾಗ ಎಚ್ಚರವಾಗಿ ಕುಳಿತು, ತಿಳಿಯದ್ದನ್ನು ವಿನಯದಿಂದ ಕೇಳಿದರೆ ಸಾಕು.