ಕ್ಯಾನ್ಸರ್ ಅಲ್ಲ, ಹಾಗಾದರೆ ಏನು?

ಗಂಟು ಎಡ ಎದೆಯಲ್ಲಿತ್ತು. ಮುಟ್ಟಿದರೆ ನೋವು, ಮೇಲಿನ ಚರ್ಮ ಕೆಂಪು. ಮಗಳು ಹಾಲು ಬಿಟ್ಟು ವರ್ಷದ ಮೇಲಾಗಿದ್ದರೂ ಅತ್ತೆ, “ಹಾಲು ಕಟ್ಟಿರಬೇಕು, ಮಲ್ಲಿಗೆ ಹೂ ಕಟ್ಕೋ, ಇಳಿಯುತ್ತೆ” ಎಂದರು. ಊರಿನ ಡಾಕ್ಟರು ಕೀವಿನ ಗಂಟೆಂದು ಆಂಟಿಬಯಾಟಿಕ್ ಬರೆದರು. ಮಾತ್ರೆ ಮುಗಿಯಿತು, ಗಂಟು ಕರಗಲಿಲ್ಲ. ಸಾಲದ್ದಕ್ಕೆ ಮೊಲೆತೊಟ್ಟು ಒಳಕ್ಕೆ ಎಳೆದುಕೊಳ್ಳತೊಡಗಿತು. ಆಸ್ಪತ್ರೆ ಗೋಡೆಯ ಕ್ಯಾನ್ಸರ್ ಪೋಸ್ಟರಿನಲ್ಲಿ ಅಂಥದೇ ಚಿತ್ರ ನೋಡಿದ್ದೆ. ನನಗಾಗ 36.

ಜಿಲ್ಲಾ ಕೇಂದ್ರದ ಸರ್ಜನ್ ಮೇಡಂ ಕೈಯಲ್ಲಿ ಒತ್ತಿ ನೋಡಿ, ಕಂಕುಳಲ್ಲೂ ಹುಡುಕಿ, ಮ್ಯಾಮೊಗ್ರಾಂ ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಬರೆದುಕೊಟ್ಟರು. ಎರಡೂ ಯಾಕೆಂದು ಕೇಳಿದೆ. ಮ್ಯಾಮೊಗ್ರಾಂನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಹಾಲಿನ ಗ್ರಂಥಿ ಬೆಳ್ಳಗೆ, ಗಡ್ಡೆಯೂ ಬೆಳ್ಳಗೇ. ನನ್ನ ವಯಸ್ಸಿನವರಲ್ಲಿ ಗ್ರಂಥಿ ದಟ್ಟವಾಗಿರುವುದರಿಂದ ಬಿಳಿಯೊಳಗೆ ಬಿಳಿ ಅಡಗಿಬಿಡಬಹುದು. ಅಲ್ಟ್ರಾಸೌಂಡ್ ಅದನ್ನು ಬೇರ್ಪಡಿಸಿ ತೋರಿಸುತ್ತದೆ.

ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ಮೊದಲು ಕೇಳಿದ್ದು, “ಪೌಡರ್, ಸ್ಪ್ರೇ ಏನಾದ್ರೂ ಹಾಕಿದೀರಾ ಮೇಡಂ?” ಕೆಲವು ಡಿಯೋಡರೆಂಟ್‌ಗಳಲ್ಲಿರುವ ಲೋಹದ ಕಣಗಳು ಫಿಲ್ಮಿನಲ್ಲಿ ಸುಣ್ಣದ ಚುಕ್ಕೆಗಳ ಹಾಗೇ ಕಾಣುತ್ತವಂತೆ. ಒದ್ದೆ ಬಟ್ಟೆಯಲ್ಲಿ ಒರೆಸಿಸಿದಳು. ಆಮೇಲೆ ಎದೆಯನ್ನು ತಟ್ಟೆಯ ಮೇಲಿಟ್ಟು ಪಾರದರ್ಶಕ ಹಲಗೆಯನ್ನು ಕೆಳಗಿಳಿಸಿದಳು. ಒತ್ತಿದಷ್ಟೂ ಚಿತ್ರ ಸ್ಪಷ್ಟ, ವಿಕಿರಣವೂ ಕಡಿಮೆ. ಬೇರೆಯವರಿಗೆ ಅದು ಕೆಲವು ಸೆಕೆಂಡುಗಳ ಕಿರಿಕಿರಿ ಇರಬಹುದು. ಬಾತುಕೊಂಡ ಎದೆಗೆ ಅದು ಚಿತ್ರಹಿಂಸೆ. “ಉಸಿರು ಹಿಡ್ಕೊಳ್ಳಿ” ಎಂದಳು. ಬಿಡುವುದಕ್ಕೆ ಉಸಿರೇ ಇರಲಿಲ್ಲ. ಮೇಲಿನಿಂದ ಒಂದು, ಓರೆಯಾಗಿ ಒಂದು, ಹೀಗೆ ಎರಡೂ ಕಡೆ.

ರಿಪೋರ್ಟು ಕೊಟ್ಟದ್ದು ಶನಿವಾರ ಸಂಜೆ, ಕವರಿನೊಳಗೆ ಹಾಕಿ. ವಿವರಿಸುವವರು ಯಾರೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ‘ಬೈರಾಡ್ಸ್ 4’ ಎಂದಿತ್ತು. ನನ್ನವರು ಮೊಬೈಲಿನಲ್ಲಿ ಹುಡುಕಿ, ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇಕಡಾ 2ರಿಂದ 95ರವರೆಗೆ ಎಂದು ಓದಿದರು. ಎರಡರಿಂದ ತೊಂಬತ್ತೈದು! ಅಷ್ಟಗಲದ ಅಂಕಿಯನ್ನು ಹಿಡಿದು ಭಾನುವಾರ ಕಳೆಯುವುದು ಹೇಗೆಂದು ಆ ಕವರಿನ ಮೇಲೆ ಯಾರೂ ಬರೆದಿರಲಿಲ್ಲ. ಸೋಮವಾರ ಮೇಡಂ ಹೇಳಿದರು: 4 ಅಂದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ, ಸೂಜಿ ಹಾಕಿ ನೋಡಲೇಬೇಕು ಅಂತ.

ಸೂಜಿ ಎಂದ ಕೂಡಲೇ ಮನೆಯಲ್ಲಿ ಗಲಾಟೆ. “ಚುಚ್ಚಿಸಿದ್ರೆ ಕೆರಳುತ್ತೆ ಕಣೇ, ಮೈಯೆಲ್ಲ ಹರಡುತ್ತೆ” ಎಂದು ನಾದಿನಿ ಫೋನಿನಲ್ಲೇ ಅತ್ತಳು. ನಮ್ಮ ಕಡೆ ಈ ನಂಬಿಕೆ ಬಲವಾಗಿದೆ; ಎಷ್ಟು ಹೆಂಗಸರು ಇದೇ ಮಾತಿಗೆ ಹೆದರಿ ತಡಮಾಡಿರಬಹುದೋ. ಮೇಡಂ ಮಾತ್ರ, “ಏನಂತ ಗೊತ್ತಿಲ್ದೆ ಏನು ಔಷಧಿ ಕೊಡ್ಲಮ್ಮ?” ಎಂದರು.

ಚರ್ಮ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡು, ಬಯಾಪ್ಸಿ ಗನ್ ಹಾಕಿದರು. ಟಪ್ ಎಂದು ಸದ್ದು. ತೆಗೆದದ್ದು ಮುರಿದ ಶಾವಿಗೆಯಂಥ ಸಣ್ಣ ಎಳೆಗಳು. ಅವನ್ನು ಫಾರ್ಮಲಿನ್ ಬಾಟಲಿಗೆ ಹಾಕಿ ಹೆಸರು ಬರೆದರು.

ಫಲಿತಾಂಶ: ಕ್ಯಾನ್ಸರ್ ಇಲ್ಲ. ಅತ್ತೆ ಪಾಯಸ ಮಾಡಿದರು. ಆದರೆ ಮೇಡಂ ಮುಖದಲ್ಲಿ ಪಾಯಸದ ಕಳೆ ಇರಲಿಲ್ಲ. ಕಾಗದದಲ್ಲಿ ‘ಗ್ರಾನ್ಯುಲೋಮ್ಯಾಟಸ್ ಮಾಸ್ಟೈಟಿಸ್’ ಎಂದಿತ್ತು. ಕಾರಣ ತಿಳಿಯದೆ ಬರುವ ಈ ಬಗೆಯ ಉರಿಯೂತವನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ್ದೇ 1972ರಲ್ಲಿ. ಹೆರಿಗೆಯಾದ ಕೆಲವು ವರ್ಷಗಳೊಳಗಿನ ಹೆಂಗಸರಲ್ಲೇ ಹೆಚ್ಚು. ನೋಡುವುದಕ್ಕೆ ಕ್ಯಾನ್ಸರಿನಂತೆಯೇ. ಆದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಅದೇ ಜೀವಕೋಶಗಳ ಗುಂಪನ್ನು ಕ್ಷಯವೂ ಮಾಡಬಲ್ಲದು. ಕಾರಣ ತಿಳಿಯದ್ದಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಕ್ಷಯ ಇದ್ದು ಬರೀ ಸ್ಟೀರಾಯ್ಡ್ ಕೊಟ್ಟರೆ ಅದು ಹೊತ್ತಿಕೊಳ್ಳುತ್ತದೆ. ಇಲ್ಲದ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಿದರೆ ಲಿವರಿಗೆ ಪೆಟ್ಟು.

ಕ್ಷಯದ ರೋಗಾಣುವನ್ನು ಬೆಳೆಸಿ ನೋಡೋಣವೆಂದರೆ ಎಳೆಗಳೆಲ್ಲ ಫಾರ್ಮಲಿನ್‌ನಲ್ಲಿ. ಅದರಲ್ಲಿ ರೋಗಾಣು ಬದುಕುವುದಿಲ್ಲ. ಹಾಗಾಗಿ ಮತ್ತೆ ಸೂಜಿ, ಈ ಸಲ ಸಲೈನ್ ಬಾಟಲಿಗೆ. ಮೊದಲ ಸಲವೇ ಎರಡು ಬಾಟಲಿ ಇಟ್ಟುಕೊಳ್ಳಬಹುದಿತ್ತಲ್ಲ ಎಂಬ ಸಿಟ್ಟು ಇವತ್ತಿಗೂ ಇದೆ. ಕ್ಯಾನ್ಸರ್ ಒಂದನ್ನೇ ತಲೆಯಲ್ಲಿಟ್ಟುಕೊಂಡು ಸೂಜಿ ಹಾಕಿದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ‘ಇಲ್ಲ’ ಎಂದಿತು, ಕಾಸಿಲ್ಲದೆ. ಆದರೆ ಎದೆಯ ಕ್ಷಯದಲ್ಲಿ ರೋಗಾಣು ತೀರಾ ಕಡಿಮೆ ಇರುತ್ತವಾದ್ದರಿಂದ ಆ ‘ಇಲ್ಲ’ವನ್ನು ಪೂರ್ತಿ ನಂಬುವಂತಿಲ್ಲ. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ ಎನ್ನಬೇಕಾದರೆ ಆರು ವಾರ ಕಾಯಬೇಕು. ಮಾಂಟೂ ಪರೀಕ್ಷೆಗೆ ಕೈ ಊದಿತು, ಅದೂ ಲೆಕ್ಕಕ್ಕಿಲ್ಲ. ನಮ್ಮ ದೇಶದಲ್ಲಿ ಕಾಯಿಲೆ ಇಲ್ಲದ ಎಷ್ಟೋ ಜನರ ಕೈ ಊದುತ್ತದೆ.

ಆ ಆರು ವಾರ ಕ್ಯಾನ್ಸರಿನ ಭಯಕ್ಕಿಂತ ಕೆಟ್ಟದಾಗಿದ್ದವು. ಕ್ಯಾನ್ಸರ್ ಇರಬಹುದು ಎಂದಾಗ ನೆಂಟರು ಹಣ್ಣು ಹಿಡಿದು ಬಂದಿದ್ದರು. ಕ್ಷಯ ಇರಬಹುದು ಎಂದಾಗ ನನ್ನ ಲೋಟ ಬೇರೆಯಾಯಿತು. ಮಗಳನ್ನು ಅತ್ತೆ ತಮ್ಮ ಪಕ್ಕ ಮಲಗಿಸಿಕೊಂಡರು. ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶ ಚೊಕ್ಕಟವಾಗಿತ್ತು, ಕೆಮ್ಮಿರಲಿಲ್ಲ. ಶ್ವಾಸಕೋಶಕ್ಕೆ ತಗಲದ ಕ್ಷಯ ಗಾಳಿಯಲ್ಲಿ ಹರಡುವುದಿಲ್ಲವೆಂದು ಮೇಡಂ ನನ್ನವರಿಗೂ ಹೇಳಿದ್ದರು. ಅವರು ಅಮ್ಮನಿಗೆ ಹೇಳಲಿಲ್ಲ. ಕೊನೆಗೆ ನಾನೇ ಅತ್ತೆಯನ್ನು ಕರೆದುಕೊಂಡು ಹೋದೆ. ಮೇಡಂ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ನೋಡಿ ಅಜ್ಜಿ, ಇಲ್ಲೇನೂ ಇಲ್ಲ” ಎಂದರು. ಅತ್ತೆ ಏನೂ ಅನ್ನಲಿಲ್ಲ. ಆ ರಾತ್ರಿ ಮಗಳು ನನ್ನ ಪಕ್ಕ ಮಲಗಿದಳು. ಲೋಟ ಬೇರೆಯೇ ಉಳಿಯಿತು.

ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಸ್ಟೀರಾಯ್ಡ್ ಶುರುವಾಗಿದೆ, ಪ್ರಮಾಣವನ್ನು ನಿಧಾನಕ್ಕೆ ಇಳಿಸುತ್ತಾರಂತೆ. ಸೂಜಿ ಹಾಕಿದ ಜಾಗದಲ್ಲಿ ಆಗಾಗ ಕೀವು ಒಸರುತ್ತದೆ, ಗಂಟು ಅರ್ಧಕ್ಕಿಳಿದಿದೆ. ಮರುಕಳಿಸಿದರೂ ಗಾಬರಿಯಾಗಬೇಡಿ ಎಂದಿದ್ದಾರೆ. ಮಾತ್ರೆಯಿಂದ ಮುಖ ಊದಿ, ರಕ್ತದಲ್ಲಿ ಸಕ್ಕರೆ ಏರಿದೆ. ಅದಕ್ಕೊಂದು ಪರೀಕ್ಷೆ ಬೇರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ.